ಗಾಲ್ವೇಯಲ್ಲಿ ಏಳು ದಿನ: ಸವಿತಾ ಹಾಲಪ್ಪನವರ ಪ್ರಕರಣದ ಮರುಓದು

2012ರ ನವೆಂಬರ್ 14ರಂದು ‘ದಿ ಐರಿಶ್ ಟೈಮ್ಸ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಸುದ್ದಿಗೆ ಮೂಲ ಬೆಳಗಾವಿಯಿಂದ ಆಡಿದ ಮಾತು. ಹೆಂಡತಿಯ ಅಂತ್ಯಸಂಸ್ಕಾರಕ್ಕಾಗಿ ಊರಿಗೆ ಬಂದಿದ್ದ ಪ್ರವೀಣ್ ಹಾಲಪ್ಪನವರ ಅಲ್ಲಿಂದಲೇ ಫೋನಿನಲ್ಲಿ ವರದಿಗಾರ್ತಿಗೆ ನಡೆದದ್ದನ್ನು ಹೇಳಿದ್ದರು. ಅದರ ಹಿಂದಿನ ದಿನವಷ್ಟೇ ಡಬ್ಲಿನ್‌ನಲ್ಲಿ ಆರೋಗ್ಯ ಸಚಿವರ ಕೈಗೆ ತಜ್ಞರ ಸಮಿತಿಯೊಂದರ ವರದಿ ತಲುಪಿತ್ತು. ಗರ್ಭಿಣಿಯ ಜೀವಕ್ಕೆ ಅಪಾಯವಿದೆಯೇ, ಗರ್ಭ ತೆಗೆಯಬಹುದೇ ಎಂಬುದನ್ನು ಯಾರು ಮತ್ತು ಹೇಗೆ ತೀರ್ಮಾನಿಸಬೇಕು ಎನ್ನುವುದೇ ಆ ವರದಿಯ ವಿಷಯ. ಅಷ್ಟು ಹೊತ್ತಿಗೆ ಸವಿತಾ ತೀರಿಕೊಂಡು ಎರಡು ವಾರ ಕಳೆದಿತ್ತು.

ಕರ್ನಾಟಕದಲ್ಲಿ ಈ ಪ್ರಕರಣ ಬಹುಪಾಲು ಒಂದೇ ಸಾಲಿನಲ್ಲಿ ನೆನಪಿನಲ್ಲುಳಿದಿದೆ: ಕ್ಯಾಥೊಲಿಕ್ ದೇಶ ನಮ್ಮ ಹುಡುಗಿಗೆ ಗರ್ಭಪಾತ ನಿರಾಕರಿಸಿತು, ಆಕೆ ಸತ್ತಳು. ಆ ಸಾಲು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪ್ರಕರಣದ ಅರ್ಧ ಮಾತ್ರ ಕಾಣುತ್ತದೆ. ಮರಣ ವಿಚಾರಣೆಯಲ್ಲಿ ಹೊರಬಂದ ಸಾಕ್ಷ್ಯವನ್ನೂ ನಂತರದ ಎರಡು ತನಿಖಾ ವರದಿಗಳನ್ನೂ ಜೊತೆಗಿಟ್ಟು ಓದಿದರೆ ಬೇರೆಯೇ ಒಂದು ವಿಷಯ ಎದ್ದು ಕಾಣುತ್ತದೆ. ತನ್ನ ದೇಹಕ್ಕೆ ಏನಾಗುತ್ತಿದೆ ಎಂದು ತಿಳಿದಿದ್ದ, ಇಂಗ್ಲಿಷ್ ಬಲ್ಲ, ಸ್ವತಃ ದಂತವೈದ್ಯೆಯಾಗಿದ್ದ ಹೆಣ್ಣುಮಗಳೊಬ್ಬಳು ಕೇಳಬೇಕಾದ್ದನ್ನು ಕೇಳಿದಳು. ಸಿಕ್ಕಿದ್ದು ಕಾನೂನಿನ ಉತ್ತರ. ಆ ಉತ್ತರ ಕೊಟ್ಟ ಮೇಲೆ ಆಕೆಯ ಮೈ ಏನು ಹೇಳುತ್ತಿದೆ ಎಂದು ನೋಡುವುದೂ ಸಡಿಲವಾಯಿತು.

ಹಿನ್ನೆಲೆ

ಸವಿತಾ ಬೆಳಗಾವಿಯವರು, ವಯಸ್ಸು 31. 2008ರಲ್ಲಿ ಮದುವೆಯಾಗಿ, ಎಂಜಿನಿಯರ್ ಆಗಿದ್ದ ಗಂಡನ ಜೊತೆ ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ನಗರದಲ್ಲಿ ನೆಲೆಸಿದ್ದರು. ಅಲ್ಲಿನ ಭಾರತೀಯರ ನಡುವೆ ಅವರ ಪರಿಚಯ ಚೆನ್ನಾಗಿತ್ತು, ದೀಪಾವಳಿಗೆ ಮಕ್ಕಳಿಗೆ ನೃತ್ಯ ಹೇಳಿಕೊಡುತ್ತಿದ್ದವರು. ಇದು ಚೊಚ್ಚಲ ಬಸಿರು. ಕನ್ನಡದ ಮನೆಗಳಲ್ಲಿ ಮೊದಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ವಿದೇಶದಲ್ಲಿದ್ದರೆ ತವರೇ ವಿಮಾನ ಹತ್ತಿ ಬರುತ್ತದೆ. ಬಂದ ತವರಿಗೆ ವೀಸಾದ ಗಡುವಿರುತ್ತದೆ: ಐರ್ಲೆಂಡಿನಲ್ಲಿ ಅಲ್ಪಾವಧಿಯ ಭೇಟಿಗೆ ಹೆಚ್ಚೆಂದರೆ 90 ದಿನ. ಸವಿತಾ ಅವರ ತಂದೆತಾಯಿ ಆಗ ಗಾಲ್ವೇಯಲ್ಲಿದ್ದರು. ಮಗಳು ಆಸ್ಪತ್ರೆಯಲ್ಲಿದ್ದ ವಾರವೇ ಅವರು ಊರಿಗೆ ಹೊರಟರು. ಗರ್ಭ ಉಳಿಯುವುದಿಲ್ಲ ಎನ್ನುವುದು ಆಗಲೇ ಗೊತ್ತಾಗಿತ್ತು. ಮಗಳೇ ಉಳಿಯುವುದಿಲ್ಲ ಎಂದು ಯಾರೂ ಎಣಿಸಿರಲಿಲ್ಲ.

ದೇಶದ ಕಾನೂನಿನ ಕಥೆ ಇನ್ನೂ ಹಳೆಯದು. ಗರ್ಭಪಾತ ಮಾಡಿಸಿದವರಿಗೆ ಜೀವಾವಧಿ ಶಿಕ್ಷೆ ಎನ್ನುವ 1861ರ ಬ್ರಿಟಿಷ್ ಕಾಯ್ದೆ 2012ರಲ್ಲಿಯೂ ಐರ್ಲೆಂಡಿನಲ್ಲಿ ಜಾರಿಯಲ್ಲಿತ್ತು. ಅದೇ ಕಾಲದ ಅದೇ ಬಗೆಯ ನಿಷೇಧ 1860ರ ಭಾರತೀಯ ದಂಡ ಸಂಹಿತೆಯಲ್ಲಿಯೂ ಇತ್ತು. ಭಾರತ 1971ರಲ್ಲಿ ಪ್ರತ್ಯೇಕ ಕಾಯ್ದೆ ತಂದು, 20 ವಾರಗಳವರೆಗೆ ವೈದ್ಯರ ಅಭಿಪ್ರಾಯದ ಮೇಲೆ ಗರ್ಭ ತೆಗೆಯಲು ದಾರಿ ಮಾಡಿಕೊಟ್ಟಿತು. ಐರ್ಲೆಂಡ್ ಎದುರು ದಿಕ್ಕಿಗೆ ನಡೆಯಿತು: 1983ರ ಜನಮತದಲ್ಲಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದು, ಹುಟ್ಟದ ಕೂಸಿನ ಜೀವದ ಹಕ್ಕು ತಾಯಿಯ ಹಕ್ಕಿಗೆ ಸಮ ಎಂದು ಬರೆದಿಟ್ಟಿತು. ತಾಯಿಯ ಜೀವಕ್ಕೇ ನಿಜವಾದ, ಗಣನೀಯ ಅಪಾಯವಿದ್ದರೆ ಗರ್ಭ ತೆಗೆಯಬಹುದು ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಆದರೆ ಅಪಾಯ ಎಷ್ಟಿದ್ದರೆ ಗಣನೀಯ? ಇಪ್ಪತ್ತು ವರ್ಷ ಯಾವ ಸರ್ಕಾರವೂ ಅದನ್ನು ಕಾಯ್ದೆಯಲ್ಲಿ ಬಿಡಿಸಿ ಬರೆಯುವ ಧೈರ್ಯ ಮಾಡಲಿಲ್ಲ. ತಪ್ಪಿದರೆ ಜೈಲಿಗೆ ಹೋಗುವವರು ವೈದ್ಯರು.

ಈ ಅಸ್ಪಷ್ಟತೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಸಾಬೀತು ಮಾಡಿದವಳೂ ಒಬ್ಬ ವಲಸಿಗಳೇ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರ ಡಿಸೆಂಬರಿನಲ್ಲಿ ಐರ್ಲೆಂಡಿನ ವಿರುದ್ಧ ಮೂವರು ಮಹಿಳೆಯರು ಹೂಡಿದ್ದ ದಾವೆಯ ತೀರ್ಪು ಕೊಟ್ಟಿತು. ಮೂವರಲ್ಲಿ ಗೆದ್ದವಳು ಒಬ್ಬಳೇ. ನ್ಯಾಯಾಲಯದ ಕಡತದಲ್ಲಿ ‘ಸಿ’ ಎಂಬ ಅಕ್ಷರದಿಂದ ಮಾತ್ರ ಗುರುತಾಗುವ ಆಕೆ ಐರ್ಲೆಂಡಿನಲ್ಲಿ ನೆಲೆಸಿದ್ದ ಲಿಥುವೇನಿಯಾದ ಮಹಿಳೆ, ಅಪರೂಪದ ಕ್ಯಾನ್ಸರಿನಿಂದ ಚೇತರಿಸಿಕೊಳ್ಳುತ್ತಿದ್ದಾಗ ಗರ್ಭಿಣಿಯಾದವಳು. ತನ್ನ ಜೀವಕ್ಕೆ ಅಪಾಯವಿದೆಯೇ ಎಂದು ಕೇಳಿ ತಿಳಿಯಲು ಆಕೆಗೆ ಆ ದೇಶದಲ್ಲಿ ಒಂದು ಬಾಗಿಲೂ ಇರಲಿಲ್ಲ ಎಂದು ನ್ಯಾಯಾಲಯ ಹೇಳಿತು. ಆರೋಗ್ಯ ಸಚಿವರ ಮೇಜಿಗೆ ಬಂದ ತಜ್ಞರ ವರದಿ ಆ ತೀರ್ಪಿನ ಫಲ.

ಭಾನುವಾರದಿಂದ ಬುಧವಾರದವರೆಗೆ

2012ರ ಅಕ್ಟೋಬರ್ 21, ಭಾನುವಾರ. ಹದಿನೇಳು ವಾರದ ಗರ್ಭಿಣಿಯಾಗಿದ್ದ ಸವಿತಾ ಬೆನ್ನುನೋವೆಂದು ಗಾಲ್ವೇ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋದರು. ಪರೀಕ್ಷಿಸಿ ಮನೆಗೆ ಕಳುಹಿಸಿದರು. ಅದೇ ಮಧ್ಯಾಹ್ನ ನೋವು ಹೆಚ್ಚಾಗಿ ಮತ್ತೆ ಬಂದಾಗ ಗರ್ಭಚೀಲ ಕೆಳಗೆ ಜಾರಿತ್ತು. ಗರ್ಭ ಉಳಿಯುವುದಿಲ್ಲ ಎಂದು ಹೇಳಿ ದಾಖಲಿಸಿಕೊಂಡರು. ಆ ಸಂಜೆ ತೆಗೆದ ರಕ್ತದಲ್ಲಿ ಬಿಳಿ ಕಣಗಳ ಎಣಿಕೆ ಸೋಂಕಿನ ಸುಳಿವು ಕೊಡುವಷ್ಟು ಏರಿತ್ತು. ವರದಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿತ್ತು. ಬುಧವಾರದವರೆಗೆ ಯಾರೂ ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಭಾನುವಾರ ಮಧ್ಯರಾತ್ರಿ ದಾಟಿ ಅರ್ಧ ಗಂಟೆಗೆ ಗರ್ಭಚೀಲ ಒಡೆದು ನೀರು ಹೋಯಿತು. ಹದಿನೇಳು ವಾರಕ್ಕೆ ನೀರು ಹೋದರೆ ಕೂಸು ಬದುಕುವುದಿಲ್ಲ, ತೆರೆದ ದಾರಿಯಲ್ಲಿ ಸೋಂಕು ಮೇಲೇರುವ ಭಯ ಮಾತ್ರ ಗಂಟೆಗಂಟೆಗೆ ಬೆಳೆಯುತ್ತದೆ. ಆದರೆ ಕೂಸಿನ ಹೃದಯ ಬಡಿಯುತ್ತಲೇ ಇತ್ತು.

ಮಗು ಉಳಿಯುವುದಿಲ್ಲವಾದರೆ ಇದನ್ನು ಮುಗಿಸಿ ಎಂದು ಸವಿತಾ ಕೇಳಿದರು. ಯಾವ ದಿನ ಕೇಳಿದರು ಎಂಬುದರಲ್ಲಿ ಸಾಕ್ಷ್ಯಗಳಿಗೆ ಹೊಂದಾಣಿಕೆಯಿಲ್ಲ. ಸೋಮವಾರವೇ ಕೇಳಿದ್ದೆವು, ಮತ್ತೆ ಮತ್ತೆ ಕೇಳಿದೆವು ಎಂದು ಪ್ರವೀಣ್ ಹೇಳಿದರು; ಮಂಗಳವಾರ ಕೇಳಿದ್ದು ಎಂದು ಪ್ರಸೂತಿ ತಜ್ಞೆ ಹೇಳಿದರು. ಉತ್ತರದ ಬಗ್ಗೆ ಮಾತ್ರ ತಕರಾರಿಲ್ಲ. ಹೃದಯ ಬಡಿತ ಇರುವವರೆಗೆ, ತಾಯಿಯ ಜೀವಕ್ಕೆ ಅಪಾಯವಿಲ್ಲ ಎನ್ನುವ ಸ್ಥಿತಿಯಲ್ಲಿ, ಈ ದೇಶದ ಕಾನೂನಿನಡಿ ಸಾಧ್ಯವಿಲ್ಲ. ಆ ಹೊತ್ತಿನ ತನ್ನ ತಿಳಿವಳಿಕೆಯಂತೆ ಅಪಾಯ ಕಾಣಲಿಲ್ಲ ಎಂದು ತಜ್ಞೆ ಪ್ರಮಾಣ ಮಾಡಿ ಹೇಳಿದರು. ಆ ತಿಳಿವಳಿಕೆಯೊಳಗೆ ಭಾನುವಾರದ ರಕ್ತದ ವರದಿ ಇರಲಿಲ್ಲ.

ಜಗತ್ತು ಸುತ್ತಿದ ಮಾತು ಹುಟ್ಟಿದ್ದು ಇಲ್ಲಿಯೇ. ನಾನು ಹಿಂದೂ, ನಮ್ಮ ದೇಶದಲ್ಲಿ ಇದಕ್ಕೆ ಅವಕಾಶವಿದೆ ಎನ್ನುವ ಅರ್ಥದಲ್ಲಿ ಸವಿತಾ ಮಾತನಾಡಿದಾಗ, ಇದು ಕ್ಯಾಥೊಲಿಕ್ ದೇಶವಾದ್ದರಿಂದ ಹೀಗೆ ಎಂದು ಸೂಲಗಿತ್ತಿ ನರ್ಸ್ ಒಬ್ಬರು ಹೇಳಿದರು. ಹಾಗೆ ಹೇಳಿದ್ದು ನಿಜ ಎಂದು ಅವರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡು, ನೋಯಿಸಲು ಅಲ್ಲ, ಇಲ್ಲಿನ ರೀತಿಯನ್ನು ವಿವರಿಸಲು ಹೇಳಿದ್ದು ಎಂದು ವಿಷಾದಿಸಿದರು. ನಾನು ಅವರನ್ನು ನಂಬುತ್ತೇನೆ. ವಲಸೆ ಬಂದ ಯಾವ ತಾಯಿಗಾದರೂ ಪರಿಚಿತವಾದ ದನಿ ಅದು: ‘ಇಲ್ಲಿ ಹೀಗೆ’. ಹಗೆಯಿಲ್ಲದ, ಒರಟೂ ಅಲ್ಲದ, ಮಾತನ್ನು ಅಲ್ಲಿಗೇ ಮುಗಿಸಿಬಿಡುವ ದನಿ. ಸವಿತಾ ಕೇಳಿದ್ದು ತನ್ನ ಮೈಯ ಬಗ್ಗೆ, ಸಿಕ್ಕಿದ್ದು ದೇಶದ ಪರಿಚಯ. ಐರಿಶ್ ಸಾರ್ವಜನಿಕ ಆಸ್ಪತ್ರೆಗಳು ಯಾವ ಧರ್ಮದ ಕಟ್ಟಳೆಯನ್ನೂ ಪಾಲಿಸುವುದಿಲ್ಲ ಎಂದು ಮರಣ ವಿಚಾರಣಾಧಿಕಾರಿ ಕಿಯರಾನ್ ಮೆಕ್‌ಲಾಕ್ಲಿನ್ ಆಮೇಲೆ ಸ್ಪಷ್ಟಪಡಿಸಬೇಕಾಯಿತು. ಮಾತಿಗೆ ಮಾತಾಗಿ ಅದು ಸರಿಯೇ. ಆದರೆ ಸಂವಿಧಾನದ ಆ ವಾಕ್ಯ ಎಲ್ಲಿಂದ ಬಂತು ಎಂಬುದು ಐರ್ಲೆಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆ ನರ್ಸಿಗೂ.

ಮಂಗಳವಾರ ರಾತ್ರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಂಜೆ ಏಳರ ಹೊತ್ತಿಗೆ ನಾಡಿ ನಿಮಿಷಕ್ಕೆ 114 ಇತ್ತು. ನೀರು ಹೋದ ಗರ್ಭಿಣಿಯ ನಾಡಿ, ರಕ್ತದೊತ್ತಡ, ಜ್ವರವನ್ನು ನಾಲ್ಕು ಗಂಟೆಗೊಮ್ಮೆ ನೋಡಬೇಕು ಎನ್ನುವುದು ನಿಯಮ. ಆ ರಾತ್ರಿ ಅದು ಪೂರ್ತಿ ನಡೆಯಲಿಲ್ಲ. ನಸುಕಿನ ನಾಲ್ಕೂಕಾಲರ ಸುಮಾರಿಗೆ ಸವಿತಾ ಗಡಗಡ ನಡುಗತೊಡಗಿದರು. ಹೊದಿಕೆ ಕೊಟ್ಟರು, ಪ್ಯಾರಸಿಟಮಾಲ್ ಕೊಟ್ಟರು. ಕೋಣೆಯ ಚಳಿಯಿರಬಹುದು ಎನ್ನಿಸಿತು. ಬೆಳಗ್ಗೆ ಆರೂವರೆಗೆ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ 160, ಸ್ರಾವಕ್ಕೆ ದುರ್ವಾಸನೆ. ಗರ್ಭಕೋಶಕ್ಕೆ ನಂಜೇರಿದೆ ಎಂದು ಕಿರಿಯ ವೈದ್ಯರು ಗುರುತಿಸಿದರು. ಎಂಟೂವರೆಯ ಸುಮಾರಿಗೆ ತಜ್ಞೆ ವಾರ್ಡ್ ಸುತ್ತಿಗೆ ಬಂದಾಗ ಆ ದುರ್ವಾಸನೆಯ ಸಂಗತಿ ಅವರ ಕಿವಿಗೆ ಬೀಳಲಿಲ್ಲ. ರೋಗಿಯ ಹಾಳೆಯಲ್ಲಿ ಅದು ಬರೆದಿತ್ತು.

ಮಧ್ಯಾಹ್ನದ ಹೊತ್ತಿಗೆ ನಂಜು ಇಡೀ ಮೈಗೆ ಹರಡಿ ರಕ್ತದೊತ್ತಡ ಕುಸಿಯಿತು. ಈಗ ಕಾನೂನಿನ ಅಡ್ಡಿ ಇರಲಿಲ್ಲ, ಗರ್ಭ ತೆಗೆಯುವ ತೀರ್ಮಾನವೂ ಆಯಿತು. ಅದನ್ನು ಮಾಡುವ ಮೊದಲೇ, ಮೂರೂಕಾಲಕ್ಕೆ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕೂಸು ತಾನಾಗಿ ಹೊರಬಂತು. ಹೆಣ್ಣು ಕೂಸು. ತೀವ್ರ ನಿಗಾ ಘಟಕದಲ್ಲಿ ಅಕ್ಟೋಬರ್ 28ರ ನಸುಕಿನ ಒಂದು ಗಂಟೆ ಕಳೆದ ಮೇಲೆ ಸವಿತಾ ಅವರ ಹೃದಯ ನಿಂತಿತು. ರಕ್ತದಲ್ಲಿ ಹರಡಿದ್ದು ಹಲವು ಔಷಧಗಳಿಗೆ ಜಗ್ಗದ ಬಗೆಯ ಇ. ಕೋಲಿ ಬ್ಯಾಕ್ಟೀರಿಯಾ.

ಮೂರು ತನಿಖೆ, ಎರಡು ಉತ್ತರ

ಮೊದಲ ತನಿಖಾ ಸಮಿತಿಯಲ್ಲಿ ಅದೇ ಆಸ್ಪತ್ರೆಯ ಮೂವರು ತಜ್ಞರನ್ನು ಸೇರಿಸಿದ್ದರು. ಪ್ರವೀಣ್ ಆಕ್ಷೇಪಿಸಿದ ಮೇಲೆ ಅವರನ್ನು ಕೈಬಿಟ್ಟರು. ಭಾರತದ ವಿದೇಶಾಂಗ ಇಲಾಖೆ ದೆಹಲಿಯಲ್ಲಿ ಐರಿಶ್ ರಾಯಭಾರಿಯನ್ನು ಕರೆಸಿ ಕಳವಳ ತಿಳಿಸಿತು. ಈ ಗಲಾಟೆ ಆಗದಿದ್ದರೆ ಏನಾಗುತ್ತಿತ್ತು ಎನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೆಂಡತಿ ಸತ್ತ ಎರಡೇ ವಾರಕ್ಕೆ ಪತ್ರಿಕೆಯ ಜೊತೆ ಮಾತನಾಡುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ.

2013ರ ಏಪ್ರಿಲ್‌ನಲ್ಲಿ ಗಾಲ್ವೇಯಲ್ಲಿ ಮರಣ ವಿಚಾರಣೆ ನಡೆಯಿತು. ಜ್ಯೂರಿ ಒಮ್ಮತದಿಂದ ‘ವೈದ್ಯಕೀಯ ಅವಘಡ’ ಎಂದಿತು. ಅಲ್ಲಿ ಸಾಕ್ಷ್ಯ ನುಡಿದ ಡಬ್ಲಿನ್‌ನ ಹಿರಿಯ ಪ್ರಸೂತಿ ತಜ್ಞ ಪೀಟರ್ ಬೊಯ್ಲನ್ ಅವರ ಮಾತು ಇಡೀ ಪ್ರಕರಣದ ಗಂಟನ್ನು ತೋರಿಸುತ್ತದೆ. ಸೋಮವಾರ ಅಥವಾ ಮಂಗಳವಾರ ಗರ್ಭ ತೆಗೆದಿದ್ದರೆ ಸವಿತಾ ಬದುಕುವ ಸಂಭವವೇ ಹೆಚ್ಚಿತ್ತು. ಆದರೆ ಆ ಎರಡು ದಿನ ಆಕೆ ಸಾಯುವಷ್ಟು ಕಾಯಿಲೆಯಾಗಿರಲಿಲ್ಲ, ಆದ್ದರಿಂದ ಕಾನೂನು ಬಿಡುತ್ತಿರಲಿಲ್ಲ. ಕಾನೂನು ಬಿಡುವಷ್ಟು ಕಾಯಿಲೆಯಾದ ಬುಧವಾರ ಹೊತ್ತು ಮೀರಿತ್ತು.

ಮೂವರನ್ನು ಕೈಬಿಟ್ಟ ಆ ಮೊದಲ ಸಮಿತಿ ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವಾ ಸಂಸ್ಥೆಯದು. ಅದರ ಮುಖ್ಯಸ್ಥರಾಗಿದ್ದವರು ಶ್ರೀಲಂಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ತಮಿಳು ಮೂಲದ ಪ್ರಸೂತಿ ತಜ್ಞ ಸಬರತ್ನಂ ಅರುಳ್‌ಕುಮಾರನ್. 2013ರ ಜೂನ್‌ನಲ್ಲಿ ಬಂದ ಅವರ ವರದಿ ರೋಗಿಯನ್ನು ಸರಿಯಾಗಿ ಗಮನಿಸದ್ದು, ಇರುವ ಎಲ್ಲ ದಾರಿಗಳನ್ನು ಆಕೆಯ ಮುಂದಿಡದ್ದು, ನಂಜಿನ ಚಿಕಿತ್ಸೆಯ ನಿಯಮ ಪಾಲಿಸದ್ದು ಎಂದು ಕಾರಣಗಳನ್ನು ಗುರುತಿಸಿತು. ಕಾನೂನಿನ ಮೇಲಿನ ಕಣ್ಣೇ ವೈದ್ಯರ ಕೈ ಕಟ್ಟಿತು ಎನ್ನುವುದನ್ನೂ ಅದು ಮುಚ್ಚಿಡಲಿಲ್ಲ. ಅಕ್ಟೋಬರ್‌ನಲ್ಲಿ ಬಂದ ಆರೋಗ್ಯ ಗುಣಮಟ್ಟ ಪ್ರಾಧಿಕಾರದ ವರದಿ ತಪ್ಪಿಹೋದ 13 ಅವಕಾಶಗಳನ್ನು ಪಟ್ಟಿ ಮಾಡಿತು.

ಇಷ್ಟರ ಮೇಲೆ ಐರ್ಲೆಂಡ್ ಎರಡು ಪಾಳೆಯವಾಯಿತು. ಕಾನೂನೇ ಕೊಂದಿತು ಎಂದಿತು ಒಂದು. ಕಾನೂನಿಗೂ ಇದಕ್ಕೂ ಸಂಬಂಧವಿಲ್ಲ, ಬರೀ ನಿರ್ಲಕ್ಷ್ಯ ಎಂದಿತು ಇನ್ನೊಂದು. ನನಗೆ ಎರಡನೆಯ ವಾದ ಒಪ್ಪಿಗೆಯಾಗುವುದಿಲ್ಲ. ಹೃದಯ ಬಡಿತ ನಿಲ್ಲುವುದನ್ನು ಕಾಯುವುದೇ ಕೆಲಸವಾದ ವಾರ್ಡಿನಲ್ಲಿ ಎಲ್ಲರ ಗಮನ ಸಹಜವಾಗಿ ಕೂಸಿನ ಹೃದಯದ ಮೇಲಿರುತ್ತದೆ. ತಾಯಿಯ ನಾಡಿ ಎಣಿಸುವುದು ಅಲ್ಲಿ ಎರಡನೆಯ ಕೆಲಸ. ನಿರ್ಲಕ್ಷ್ಯಕ್ಕೂ ಒಂದು ದಿಕ್ಕಿರುತ್ತದೆ, ಆ ದಿಕ್ಕನ್ನು ಕಾನೂನು ತೋರಿಸಿತ್ತು.

ವಲಸೆಯ ಪಾಲೆಷ್ಟು?

ಇದು ಸುಲಭದ ಪ್ರಶ್ನೆಯಲ್ಲ. 2007ರಲ್ಲಿ ಡ್ರೋಹೆಡಾ ಪಟ್ಟಣದ ಆಸ್ಪತ್ರೆಯಲ್ಲಿ ತಾನ್ಯಾ ಮೆಕೇಬ್ ಎಂಬ ಐರಿಶ್ ಪೊಲೀಸ್ ಅಧಿಕಾರಿ ಅವಳಿ ಮಕ್ಕಳ ಹೆರಿಗೆಯ ಸಮಯದಲ್ಲಿ ನಂಜೇರಿ ತೀರಿಕೊಂಡಿದ್ದರು. ಅವಳಿಗಳಲ್ಲಿ ಒಂದು ಕೂಸೂ ಹೋಯಿತು. ಆಕೆ ಅಲ್ಲಿಯೇ ಹುಟ್ಟಿ ಬೆಳೆದವರು. ಆ ಸಾವಿನ ನಂತರ ಬರೆದ ಶಿಫಾರಸುಗಳು ಏನಾದವು ಎಂದು ಪ್ರಾಧಿಕಾರ 2013ರಲ್ಲಿ ವಿಚಾರಿಸಿದಾಗ, ದೇಶದ 19 ಸಾರ್ವಜನಿಕ ಹೆರಿಗೆ ಆಸ್ಪತ್ರೆಗಳಲ್ಲಿ ವಿವರವಾಗಿ ಉತ್ತರಿಸಿದ್ದು ಐದೇ. ಆದ್ದರಿಂದ ಸವಿತಾ ವಿದೇಶಿಯಾದದ್ದಕ್ಕೇ ಸತ್ತರು ಎಂದರೆ ಅದು ಭಾವಾವೇಶದ ಮಾತಾಗುತ್ತದೆ.

ಆದರೂ ಆ ವರ್ಷಗಳ ಮರಣ ವಿಚಾರಣೆಗಳಲ್ಲಿ ವಲಸೆ ಬಂದ ತಾಯಂದಿರ ಹೆಸರು ಮತ್ತೆ ಮತ್ತೆ ಬರುತ್ತದೆ. ನೈಜೀರಿಯಾದ ಬಿಂಬೊ ಒನನುಗಾ 2010ರ ಮಾರ್ಚಿನಲ್ಲಿ ಡಬ್ಲಿನ್‌ನಲ್ಲಿ, ಭಾರತ ಮೂಲದ ಧಾರಾ ಕಿವ್ಲೆಹನ್ ಅದೇ ವರ್ಷ ಸ್ಲೈಗೋದಲ್ಲಿ ಹೆರಿಗೆಯಾದ ಮೇಲೆ ತೀರಿಕೊಂಡರು. ಎರಡರಲ್ಲಿಯೂ ತೀರ್ಪು ‘ವೈದ್ಯಕೀಯ ಅವಘಡ’ ಎಂದೇ. ಎರಡರಲ್ಲಿಯೂ ಆ ತೀರ್ಪು ಬರಲು ಮೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ವಿಚಾರಣೆಗಾಗಿ ಇಬ್ಬರ ಕುಟುಂಬಗಳೂ ಪಟ್ಟು ಹಿಡಿಯಬೇಕಾಯಿತು.

ಇನ್ನೂ ಹಿಂದಕ್ಕೆ ಹೋದರೆ 2004ರ ಜನಮತ ಸಿಗುತ್ತದೆ. ಅಲ್ಲಿಯವರೆಗೆ ಐರ್ಲೆಂಡಿನ ನೆಲದಲ್ಲಿ ಹುಟ್ಟಿದ ಯಾವ ಮಗುವೂ ಐರಿಶ್ ಪ್ರಜೆ. ವಿದೇಶಿ ಹೆಂಗಸರು ದಿನ ತುಂಬಿದ ಮೇಲೆ ಬಂದಿಳಿದು ಪೌರತ್ವಕ್ಕಾಗಿ ಇಲ್ಲಿ ಹೆರುತ್ತಿದ್ದಾರೆ, ಡಬ್ಲಿನ್‌ನ ಹೆರಿಗೆ ಆಸ್ಪತ್ರೆಗಳು ತುಂಬಿ ತುಳುಕುತ್ತಿವೆ ಎಂಬ ಪ್ರಚಾರದ ನಡುವೆ ಜೂನ್ 11ರಂದು ಮತದಾನ ನಡೆದು, ಶೇಕಡಾ 79 ಮಂದಿ ಆ ಹಕ್ಕನ್ನು ತೆಗೆದುಹಾಕಲು ಒಪ್ಪಿದರು. ಹುಟ್ಟದ ಕೂಸನ್ನು ಕಾಪಾಡುತ್ತೇನೆಂದು ಸಂವಿಧಾನದಲ್ಲಿ ಬರೆದುಕೊಂಡ ದೇಶವೇ, ಹುಟ್ಟಿದ ಮೇಲೆ ಯಾವ ಕೂಸು ನಮ್ಮದು ಎಂದು ತಾಯಿಯ ಕಾಗದಪತ್ರ ನೋಡಿ ತೀರ್ಮಾನಿಸಿತು. ಸವಿತಾ ಅವರಿಗೆ ಇದರ ನೇರ ಬಿಸಿ ತಟ್ಟಿರಲಿಕ್ಕಿಲ್ಲ. ಅವರು ಓದಿದವರು, ಕೆಲಸದ ವೀಸಾದ ಕುಟುಂಬದವರು. ಆದರೆ ವಿದೇಶಿ ಬಸುರಿಯ ಬಗ್ಗೆ ಆ ದೇಶ ಅದಾಗಲೇ ಒಂದು ಕಥೆ ಕಟ್ಟಿಕೊಂಡಿತ್ತು.

ವಲಸೆಯ ನಿಜವಾದ ಭಾರ ಕಾಣುವುದು ಪ್ರಯಾಣದ ವಿಷಯದಲ್ಲಿ. ಐರಿಶ್ ಹೆಂಗಸರಿಗೆ ಕಾನೂನಿನ ಗೋಡೆಯಲ್ಲಿ ಒಂದು ಹಿತ್ತಿಲ ಬಾಗಿಲಿತ್ತು, ಅದರ ಹೆಸರು ಇಂಗ್ಲೆಂಡ್. 2012ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತ ಮಾಡಿಸಿಕೊಂಡ 3,982 ಮಂದಿ ಐರ್ಲೆಂಡಿನ ವಿಳಾಸ ಕೊಟ್ಟಿದ್ದರು. ಗುಟ್ಟಾಗಿ, ಖರ್ಚು ಮಾಡಿ, ನಾಚಿಕೆಯಿಂದ ಹೋಗಿ ಬರುವ ಈ ದಾರಿಯ ಮೇಲೆಯೇ ಆ ಕಾನೂನು ಮೂವತ್ತು ವರ್ಷ ನಿಂತಿತ್ತು. ಹಾಸಿಗೆ ಹಿಡಿದು ಗರ್ಭ ಕಳೆದುಕೊಳ್ಳುತ್ತಿದ್ದ ಸವಿತಾ ಅವರಿಗೆ ಅದು ಹೇಗೂ ಮುಚ್ಚಿದ ಬಾಗಿಲು. ಆದರೆ ಆರೋಗ್ಯವಾಗಿದ್ದ ಭಾರತೀಯ ಗರ್ಭಿಣಿಗೂ ಅದು ಸುಲಭವಾಗಿ ತೆರೆಯುತ್ತಿರಲಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಬ್ರಿಟನ್ನಿಗೆ ಹೋಗಲು ಬೇರೆಯೇ ವೀಸಾ ಪಡೆಯಬೇಕು, ಐರ್ಲೆಂಡಿನ ನಿವಾಸಿಗಳಾಗಿದ್ದರೂ. 2014ರಲ್ಲಿ, ತನ್ನ ದೇಶದಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಆಶ್ರಯ ಬೇಡಿ ಬಂದ ಯುವತಿಯೊಬ್ಬಳು ಇಂಗ್ಲೆಂಡಿಗೆ ಹೋಗಲು ಯತ್ನಿಸಿ, ಕಾಗದಪತ್ರವಿಲ್ಲವೆಂದು ಹಿಂದಕ್ಕೆ ಕಳುಹಿಸಲ್ಪಟ್ಟಳು. ಕೊನೆಗೆ ಐರ್ಲೆಂಡಿನಲ್ಲಿ ಸಿಸೇರಿಯನ್ ಮಾಡಿ ಮಗುವನ್ನು ಹೊರತೆಗೆದರು. ಆಕೆಯನ್ನು ಅಲ್ಲಿನ ಪತ್ರಿಕೆಗಳು ‘ಮಿಸ್ ವೈ’ ಎಂದು ಕರೆದವು. ಇದು ನಡೆದದ್ದು ಸವಿತಾ ಸಾವಿನ ನಂತರ ತಂದ ಹೊಸ ಕಾಯ್ದೆ ಜಾರಿಗೆ ಬಂದ ವರ್ಷದಲ್ಲಿಯೇ.

ಆಮೇಲೆ

ಆ ಕಾಯ್ದೆಗೆ 2013ರ ಜುಲೈನಲ್ಲಿ ಅಂಕಿತ ಬಿತ್ತು, 2014ರ ಜನವರಿಯಿಂದ ಜಾರಿಯಾಯಿತು. ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಎನ್ನುವ ಹಳೆಯ ಗೆರೆಯನ್ನು ಅದು ದಾಟಲಿಲ್ಲ, ಗೆರೆಯ ಮೇಲೆ ನಡೆಯುವ ಕ್ರಮವನ್ನು ಬರೆಯಿತು. ಆಸ್ಪತ್ರೆಗಳ ಒಳಗಿನ ಬದಲಾವಣೆ ಸುದ್ದಿಯಾಗಲಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅದೇ ಹೆಚ್ಚಿನದು: ಗರ್ಭಿಣಿಯ ನಾಡಿ, ಉಸಿರು, ಜ್ವರವನ್ನು ಬಣ್ಣದ ಗುರುತಿನ ಒಂದೇ ಹಾಳೆಯಲ್ಲಿ ದಾಖಲಿಸಿ, ಮಿತಿ ದಾಟಿದ ಕೂಡಲೇ ಹಿರಿಯರನ್ನು ಕರೆಯುವ ಏಕರೂಪದ ಪದ್ಧತಿ, ನಂಜಿನ ಚಿಕಿತ್ಸೆಗೆ ರಾಷ್ಟ್ರೀಯ ಮಾರ್ಗಸೂಚಿ. ಪ್ರವೀಣ್ ಹೂಡಿದ್ದ ದಾವೆ 2016ರಲ್ಲಿ ಹೈಕೋರ್ಟಿನಲ್ಲಿ ರಾಜಿಯಾಯಿತು.

2018ರ ಮೇ 25ರಂದು ಎಂಟನೇ ತಿದ್ದುಪಡಿಯನ್ನು ತೆಗೆಯಬೇಕೇ ಎಂಬ ಜನಮತ ನಡೆಯಿತು. ಮಗಳನ್ನು ನೆನೆದು ಮತ ಹಾಕಿ ಎಂದು ಸವಿತಾ ಅವರ ತಂದೆ ಕರ್ನಾಟಕದಿಂದ ಮನವಿ ಮಾಡಿದರು. ಡಬ್ಲಿನ್‌ನ ಪೋರ್ಟೊಬೆಲ್ಲೊ ಬಡಾವಣೆಯ ಗೋಡೆಯೊಂದರ ಮೇಲೆ ಬಿಡಿಸಿದ ಆಕೆಯ ಚಿತ್ರದ ಸುತ್ತ ಜನ ನೂರಾರು ಚೀಟಿ ಅಂಟಿಸಿದರು. ಹಲವು ಚೀಟಿಗಳಲ್ಲಿ ಇದ್ದದ್ದು ಕ್ಷಮೆಯ ಮಾತು. ಶೇಕಡಾ 66.4 ಮತಗಳಿಂದ ತಿದ್ದುಪಡಿ ರದ್ದಾಯಿತು. ಹೊಸ ಕಾನೂನಿಗೆ ಮಗಳ ಹೆಸರಿಡಿ ಎಂದು ತಂದೆ ಕೇಳಿದ್ದರು. ಕಾಯ್ದೆ ಬೇರೆ ಹೆಸರಿನಲ್ಲಿ ಬಂತು.

2019ರ ಜನವರಿ 1ರಿಂದ ಜಾರಿಯಲ್ಲಿರುವ ಆ ಕಾಯ್ದೆಯಲ್ಲಿ 12 ವಾರದವರೆಗೆ ಕಾರಣ ಹೇಳಬೇಕಿಲ್ಲ, ಮೂರು ದಿನ ಕಾಯಬೇಕು. ಆ ನಂತರ ತಾಯಿಯ ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯ ಸಂಭವ ಇದ್ದರೆ, ಇಲ್ಲವೇ ಕೂಸು ಉಳಿಯುವುದೇ ಇಲ್ಲ ಎಂದಾದರೆ ಮಾತ್ರ ಅವಕಾಶ. ಸವಿತಾ ಅವರ ಸ್ಥಿತಿಯಲ್ಲಿ ಇಂದು ಯಾರಾದರೂ ಕೇಳಿದರೆ ‘ಆರೋಗ್ಯಕ್ಕೆ’ ಎಂಬ ಆ ಮಾತಿನ ಬಲದಿಂದ ಸೋಮವಾರವೇ ಉತ್ತರ ಸಿಗಬಹುದು. ಹನ್ನೆರಡು ವಾರ ದಾಟಿ, ಈ ಯಾವ ಕಾರಣಕ್ಕೂ ಸೇರದ ಹೆಂಗಸು ಮಾತ್ರ ಈಗಲೂ ಇಂಗ್ಲೆಂಡಿಗೇ ಹೋಗಬೇಕು. ಆಕೆಯ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಆದರೆ ಮೊದಲು ಬ್ರಿಟಿಷ್ ವೀಸಾಕ್ಕೆ ಅರ್ಜಿ ಹಾಕಿ ಕಾಯಬೇಕು.